ಅಕ್ಕನಿಲ್ಲದ ಮದುವೆ ವಿಡಿಯೊ

ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗಿನ ಮನೆಯವರ ಮೊಮ್ಮಗನ ನಾಮಕರಣಕ್ಕೆ ಬರಬೇಕಿದ್ದ ವಿಡಿಯೊದವನು ಅವತ್ತು ಬೆಳಿಗ್ಗೆ ಫೋನೇ ಎತ್ತಲಿಲ್ಲ. ನನ್ನ ಮಗಳು ಅಂಬೆಗಾಲಿಡುವುದನ್ನೂ ಬೀಳುವುದನ್ನೂ ಅಳುವುದನ್ನೂ ನಾನು ದಿನವಿಡೀ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದುದು ಆ ಮನೆಯ ಆಂಟಿಗೆ ಗೊತ್ತಿತ್ತು. ಮೆಟ್ಟಿಲು ಹತ್ತಿ ಬಂದು, "ನೀನೇ ಬಂದ್ಬಿಡಮ್ಮ, ನಿನ್ ಮಗೂನ ನಾವ್ ಯಾರಾದ್ರೂ ಎತ್ಕೊಂಡಿರ್ತೀವಿ," ಎಂದರು. ಹಾಗೆ ಶುರುವಾಯಿತು.

ಅದಕ್ಕೂ ಮೊದಲು ನಾನು ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಹೆರಿಗೆಗೆಂದು ಬಿಟ್ಟ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಆ ನಾಮಕರಣ ನೋಡಿದವರು ಸೀಮಂತಕ್ಕೆ ಕರೆದರು, ಸೀಮಂತಕ್ಕೆ ಬಂದವರು ಅರವತ್ತರ ಶಾಂತಿಗೆ ಕರೆದರು. ಆಮೇಲೆ ಮದುವೆಗಳು ಬಂದವು. ಸೀರೆ ಉಡಿಸುವ ಕೋಣೆಯೊಳಕ್ಕೂ ಬರಬಲ್ಲ ಕ್ಯಾಮೆರಾದವಳು ಎಂದು ಹೆಣ್ಣಿನ ಕಡೆಯವರಿಗೆ ನಾನು ಬೇಕಾದೆ. ನನ್ನ ಗಂಡನದು ಔಷಧ ಕಂಪನಿಯ ಸೇಲ್ಸ್ ಕೆಲಸ, ವಾರಕ್ಕೆ ನಾಲ್ಕು ದಿನ ಊರೂರು ಸುತ್ತಾಟ. ಮುಹೂರ್ತದ ದಿನಗಳಲ್ಲಿ ಅಮ್ಮ ತಲಘಟ್ಟಪುರದಿಂದ ಮೆಟ್ರೊ ಹಿಡಿದು ಬಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. "ಊರೋರ ಮಕ್ಕಳ ಮದುವೆಯೆಲ್ಲಾ ನೋಡ್ತೀಯ, ನಿನ್ ಮಕ್ಕಳ ಮುಖ ಯಾವಾಗ ನೋಡ್ತೀಯೋ," ಎನ್ನುವಳು. ಹಾಗೆನ್ನುತ್ತಲೇ ನನ್ನ ಕೈಗೆ ತಿಂಡಿ ಡಬ್ಬಿ ಕೊಡುವಳು.

ನಾನು ಹೇಳಲು ಹೊರಟಿರುವ ಮದುವೆ ನಡೆದಾಗ ಮಗಳಿಗೆ ಐದು ವರ್ಷ, ಮಗನಿಗೆ ಹತ್ತು ತಿಂಗಳು. ಮದುಮಗಳ ಮನೆ ಹೊಸಕೆರೆಹಳ್ಳಿಯಲ್ಲಿ, ಮದುವೆ ಬನಶಂಕರಿಯ ಒಂದು ಛತ್ರದಲ್ಲಿ. ಹಿಂದಿನ ದಿನ ಚಪ್ಪರದ ಶಾಸ್ತ್ರಕ್ಕೆ ಅವರ ಮನೆಗೆ ಹೋದಾಗ ಮದುಮಗಳ ತಾಯಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದರು.

"ಒಂದ್ ವಿಷಯ ಮೇಡಂ. ನನ್ನ ದೊಡ್ಡ ಮಗಳು ವಿಡಿಯೊದಲ್ಲಿ ಬರ್ಬಾರ್ದು."

ದೊಡ್ಡ ಮಗಳಿಗೆ ಮೂವತ್ತೊಂದು. ಹುಟ್ಟುವಾಗಲೇ ಏನೋ ಹೆಚ್ಚುಕಮ್ಮಿಯಾಗಿ ಮಾತು ಬಂದಿರಲಿಲ್ಲ, ನಡೆಯಲಾಗುತ್ತಿರಲಿಲ್ಲ. ಗಾಲಿಕುರ್ಚಿಯಲ್ಲೇ ದಿನ ಕಳೆಯುತ್ತಿದ್ದಳು. ಗಂಡಿನ ತಂದೆತಾಯಿಗೆ ಇದು ಗೊತ್ತಿತ್ತು, ಅವರ ನೆಂಟರಿಷ್ಟರಿಗೆ ಗೊತ್ತಿರಲಿಲ್ಲ.

"ಮುಚ್ಚಿಡೋ ಉದ್ದೇಶ ಅಲ್ಲ," ಎಂದರು ಆ ತಾಯಿ. "ನಾಳೆ ಚಿಕ್ಕೋಳು ಬಸುರಿ ಆದ್ರೆ ಎಲ್ಲರ ಕಣ್ಣೂ ಅವಳ ಹೊಟ್ಟೆ ಮೇಲೇ ಇರತ್ತೆ. ನಿಮಗೂ ಮಕ್ಕಳಿದಾವೆ, ಅರ್ಥ ಆಗತ್ತೆ."

ನನಗೆ ಅರ್ಥವಾಯಿತು. "ಆಯ್ತಮ್ಮ, ನಾನು ನೋಡ್ಕೋತೀನಿ," ಎಂದೆ. ಅರ್ಧ ನಿಮಿಷವೂ ಯೋಚಿಸಲಿಲ್ಲ.

ಮರುದಿನ ದೊಡ್ಡ ಮಗಳನ್ನು ಛತ್ರಕ್ಕೆ ಕರೆತಂದು ಮಂಟಪದ ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು, ಜೊತೆಗೊಬ್ಬ ಆಯಾ. ಅಲ್ಲಿಂದ ವಾಲಗ ಕೇಳುತ್ತಿತ್ತು, ಮಂಟಪ ಕಾಣುತ್ತಿರಲಿಲ್ಲ. ನಸುಕಿನಲ್ಲೇ ಮನೆ ಬಿಟ್ಟಿದ್ದ ನನಗೆ ಎಂಟರ ಹೊತ್ತಿಗೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ಚಿಲಕವಿದ್ದ ಕೋಣೆ ಅದೊಂದೇ. ಹೋಗಿ, ಗೋಡೆಯ ಕಡೆ ತಿರುಗಿ ಕುಳಿತು ಹಾಲು ಹಿಂಡಿ ಬಾಟಲಿಗೆ ತುಂಬಿಕೊಂಡೆ. ಆಯಾ ಕಾಫಿಗೆಂದು ಹೊರಗೆ ಹೋದಳು. ನಾನು ಸೆರಗು ಸರಿಮಾಡಿಕೊಂಡು ಏಳುವಾಗ ಕ್ಯಾಮೆರಾದ ಪಟ್ಟಿಯನ್ನು ಯಾರೋ ಎಳೆದಂತಾಯಿತು. ಗಾಲಿಕುರ್ಚಿಯಲ್ಲಿದ್ದವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಸುಮ್ಮನಾಗಿಸಲು ಕ್ಯಾಮೆರಾದ ಪುಟ್ಟ ಪರದೆಯನ್ನು ಅವಳ ಕಡೆ ತಿರುಗಿಸಿ ಆನ್ ಮಾಡಿದೆ. ಅದರಲ್ಲಿ ಅವಳ ಮುಖವೇ ಕಂಡಿತು. ಒಂದು ಕ್ಷಣ ಹೆದರಿದವಳು ಆಮೇಲೆ ನಗತೊಡಗಿದಳು. ತಲೆ ವಾಲಿಸಿದಳು, ಪರದೆಯೊಳಗಿನವಳೂ ವಾಲಿಸಿದಳು. ಜಡೆಯ ಹೂವನ್ನು ಮುಟ್ಟಿ ನೋಡಿಕೊಂಡಳು. ನನ್ನ ಬೆರಳು ಅಭ್ಯಾಸಬಲದಿಂದ ರೆಕಾರ್ಡ್ ಒತ್ತಿತ್ತು. ಆಯಾ ವಾಪಸು ಬರುವವರೆಗೆ ಸುಮಾರು ನಾಲ್ಕು ನಿಮಿಷ ಅದು ನಡೆಯುತ್ತಲೇ ಇತ್ತು.

ಧಾರೆಯ ಹೊತ್ತಿಗೆ ಗಟ್ಟಿಮೇಳ ಜೋರಾದಾಗ ಆ ಕೋಣೆಯಿಂದ ಒಂದು ಕೂಗು ಬಂತು. ನೋವಿನದಲ್ಲ. ಉದ್ದಕ್ಕೆ, ವಾಲಗದ ಮೇಲೇರಿ ಹೋಗುವಂಥ ಸಂತೋಷದ ಕೂಗು. ಮುಂದಿನ ಸಾಲಿನಲ್ಲಿದ್ದ ಕೆಲವರು ತಿರುಗಿ ನೋಡಿದರು. ಯಾರೋ ಹೋಗಿ ಕೋಣೆಯ ಬಾಗಿಲು ಎಳೆದುಕೊಂಡರು.

ಎಡಿಟಿಂಗ್ ಮಾಡುವುದು ನಮ್ಮ ಊಟದ ಮೇಜಿನ ಮೇಲೆ. ಮಗ ತೊಡೆಯ ಮೇಲೆ ಕುಳಿತು ಕೀಬೋರ್ಡ್ ಬಡಿಯುತ್ತಿದ್ದ, ಮಗಳು ಎದುರಿಗೆ ಕುಳಿತು ಕಾಪಿ ಬರೆಯುತ್ತಿದ್ದಳು. ಆ ಕೂಗನ್ನು ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಕತ್ತರಿಸಿದರೆ ವಾಲಗವೂ ತುಂಡಾಗುತ್ತಿತ್ತು. ಕೊನೆಗೆ ಬೇರೊಂದು ಮದುವೆಯ ಗಟ್ಟಿಮೇಳವನ್ನು ತಂದು ಅದರ ಮೇಲೆ ಹೊದಿಸಿದೆ. ಕೋಣೆಯ ಆ ನಾಲ್ಕು ನಿಮಿಷವನ್ನು ಇನ್ನೊಮ್ಮೆ ನೋಡಿದೆ, ಅಳಿಸಿದೆ. ಅದು ಇದೆಯೆಂದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಇಟ್ಟುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಡಿಸ್ಕ್ ತುಂಬಿತ್ತು, ಜಾಗ ಬೇಕಿತ್ತು, ಮಗ ಅಳುತ್ತಿದ್ದ. ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ. ವಿಡಿಯೊ ನೋಡಿದ ಆ ತಾಯಿ ಫೋನ್ ಮಾಡಿ, "ತುಂಬಾ ನೀಟಾಗಿ ಮಾಡಿದೀರ," ಎಂದರು. ನಮ್ಮ ಒಪ್ಪಂದದಂತೆ ಆರು ತಿಂಗಳಾದ ಮೇಲೆ ಉಳಿದ ಕಚ್ಚಾ ಚಿತ್ರೀಕರಣವನ್ನೂ ಅಳಿಸಿದೆ.

ಒಂದೂವರೆ ವರ್ಷದ ನಂತರ, ಒಂದು ಮಧ್ಯಾಹ್ನ ಆ ತಾಯಿ ಫೋನ್ ಕೂಡ ಮಾಡದೆ ಮನೆಗೆ ಬಂದರು. ಬಾಗಿಲಲ್ಲಿ ನಿಂತೇ, "ದೊಡ್ಡೋಳು ಹೋಗ್ಬಿಟ್ಲು ಮೇಡಂ," ಎಂದರು.

ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದಳು. ತಿಂಗಳಾಗಿತ್ತು. ನಾನು ಕೊಟ್ಟ ನೀರನ್ನು ಅವರು ಕುಡಿಯಲಿಲ್ಲ.

"ವೈಕುಂಠ ಸಮಾರಾಧನೆಗೆ ಫೋಟೊ ಇಡಕ್ಕೆ ಒಂದು ಒಳ್ಳೇದು ಸಿಗ್ಲಿಲ್ಲ. ಚಿಕ್ಕೋಳ ಫೋನಲ್ಲಿ ಒಂದೆರಡಿತ್ತು, ಎಲ್ಲಾ ನೈಟಿ ಹಾಕ್ಕೊಂಡು ಮಲಗಿರೋವು. ಆಧಾರ್ ಕಾರ್ಡಿಂದನ್ನೇ ದೊಡ್ಡದು ಮಾಡಿಸಿದ್ವಿ. ಅದ್ರಲ್ಲಿ ಅವಳು ಹೆದರ್ಕೊಂಡಿದಾಳೆ." ಮೇಜಿನ ಮೇಲಿದ್ದ ಕಂಪ್ಯೂಟರ್ ಕಡೆ ನೋಡಿದರು. "ಅವಳಿಗೆ ಅಲಂಕಾರ ಅಂತ ಮಾಡಿದ್ದು ತಂಗಿ ಮದುವೇಲಿ ಒಂದೇ. ಎಲ್ಲಾದ್ರೂ ಒಂಚೂರು ಬಂದಿರ್ಬಹುದು, ಜನರ ಹಿಂದೆ, ಬಾಗಿಲ ಸಂದೀಲಿ. ನೋಡ್ತೀರಾ?"

ಉಳಿದಿದ್ದದ್ದು ನಾನು ಅವರಿಗೆ ಕೊಟ್ಟಿದ್ದ ಮೂರು ಗಂಟೆಯ ವಿಡಿಯೊದ ಪ್ರತಿ ಮಾತ್ರ. ಇಬ್ಬರೂ ಊಟದ ಮೇಜಿನ ಮುಂದೆ ಕುಳಿತು ಮೊದಲಿಂದ ನೋಡಿದೆವು. ಗುಂಪು ಬಂದಲ್ಲೆಲ್ಲ ನಿಲ್ಲಿಸಿ, ದೊಡ್ಡದು ಮಾಡಿ, ಮೂಲೆಮೂಲೆ ಹುಡುಕಿದೆವು. ಗಾಲಿಕುರ್ಚಿಯ ಒಂದು ಚಕ್ರವೂ ಎಲ್ಲೂ ಇರಲಿಲ್ಲ. ನಾನು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೆ.

ಶಾಲೆಯಿಂದ ಬಂದ ಮಗಳು ಚೀಲ ಇಳಿಸಿ ನಮ್ಮ ಹಿಂದೆ ನಿಂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮ, ಈ ಅಜ್ಜಿ ಯಾಕೆ ಆ ಕಡೆನೇ ನೋಡ್ತಿದಾರೆ?" ಎಂದು ಕೇಳಿದಳು.

ನಾನು ಅದನ್ನು ಗಮನಿಸಿರಲಿಲ್ಲ. ವರಪೂಜೆಯಲ್ಲಿ, ಧಾರೆಯಲ್ಲಿ, ಮಗಳ ಕೈ ಮೇಲೆ ನೀರೆರೆಯುವಾಗ, ಅಕ್ಷತೆ ಬೀಳುವಾಗ, ಪ್ರತಿಯೊಂದರಲ್ಲೂ ಆ ತಾಯಿಯ ಕಣ್ಣು ಮಂಟಪದ ಎಡಕ್ಕೆ, ಕೋಣೆಯ ಬಾಗಿಲ ಕಡೆಗೆ ಹೋಗಿ ಬರುತ್ತಿತ್ತು. ಒಮ್ಮೆ ಪುರೋಹಿತರೇ ಅವರ ಕೈ ಮುಟ್ಟಿ ಎಚ್ಚರಿಸಿದ್ದರು. ಅವರೂ ಈಗ ಅದನ್ನು ಕಂಡರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

ಮಗಳನ್ನು ಕೆಳಗಿನ ಮನೆಗೆ ಕಳಿಸಿ ನಾನು ನಿಜ ಹೇಳಿದೆ. ಕೋಣೆಗೆ ಹೋದದ್ದು, ಪರದೆ ತಿರುಗಿಸಿದ್ದು, ಅಳಿಸಿದ್ದು, ಕೂಗಿನ ಮೇಲೆ ಬೇರೆ ವಾಲಗ ಹಾಕಿದ್ದು. ಅವರು ಬೈಯುತ್ತಾರೆಂದು ಕಾದೆ.

"ಎಷ್ಟ್ ಹೊತ್ತಿತ್ತು?"

"ನಾಲ್ಕು ನಿಮಿಷ."

"ನಗ್ತಿದ್ಲಾ?"

"ಹೂಂ, ಪೂರ್ತಿ ನಗ್ತಾನೇ ಇದ್ರು."

ಅವರು ತಲೆಯಾಡಿಸಿದರು. "ನಾನೇ ಅಲ್ವಾ ಹೇಳಿದ್ದು," ಎಂದು ಎದ್ದರು. ಮೆಟ್ಟಿಲಿಳಿಯುವಾಗ ಕೈ ಹಿಡಿಯಹೋದೆ. "ಬೇಡ ಬಿಡಿ, ಹೋಗ್ತೀನಿ," ಎಂದು ಕಂಬಿ ಹಿಡಿದುಕೊಂಡು ಒಬ್ಬರೇ ಇಳಿದರು.

ಆ ವಾರವೇ, ಅಳಿಸಿಹೋದದ್ದನ್ನು ಮರಳಿ ತೆಗೆದುಕೊಡುವ ಅಂಗಡಿಯೊಂದಕ್ಕೆ ಹಳೆಯ ಡಿಸ್ಕನ್ನು ಒಯ್ದೆ. ಅಲ್ಲಿನವನು ಎರಡು ದಿನ ಇಟ್ಟುಕೊಂಡು ಹಿಂತಿರುಗಿಸಿದ. "ಅದರ ಮೇಲೆ ಎಷ್ಟೋ ಮದುವೆ ಕೂತಿದಾವೆ ಮೇಡಂ. ಕೆಳಗಡೆ ಏನೂ ಉಳ್ದಿಲ್ಲ," ಎಂದ.

ಮದುಮಗಳು ಫೋನ್ ಮಾಡಿದ್ದು ಅದಾದ ಮೇಲೆ. ಅವಳೀಗ ಗಂಡನ ಜೊತೆ ಜೆ.ಪಿ. ನಗರದಲ್ಲಿದ್ದಳು. ಅಮ್ಮ ಎಲ್ಲ ಹೇಳಿದರು ಎಂದಳು. ದನಿ ಎತ್ತರಿಸಲಿಲ್ಲ.

"ಮದುವೆ ನಂದು ಅಕ್ಕ. ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ವಾ?"

ಕೇಳಬಹುದಿತ್ತು. ಅವಳನ್ನು ಕೇಳಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಮಾತಾಡಿದ್ದು ತಾಯಿ, ನಾನೂ ತಾಯಿ, ನಾವಿಬ್ಬರೂ ಸೇರಿ ಬಾಗಿಲು ಮುಂದಕ್ಕೆ ಮಾಡಿಕೊಂಡು ತೀರ್ಮಾನಿಸಿದ್ದೆವು.

"ಧಾರೆ ಟೈಮಲ್ಲಿ ಅವಳು ಕೂಗಿದ್ದು ನನಗೆ ಕೇಳಿಸಿತ್ತು," ಎಂದಳು. "ಆಮೇಲೆ ವಿಡಿಯೊದಲ್ಲಿ ಇರ್ಲಿಲ್ಲ. ನನಗೇ ಹಾಗನ್ಸಿರ್ಬೇಕು ಅಂದ್ಕೊಂಡು ಸುಮ್ನಾದೆ. ಇಷ್ಟ್ ದಿನ ಹಾಗೇ ಅಂದ್ಕೊಂಡಿದ್ದೆ."

ನಾನು ಕ್ಷಮೆ ಕೇಳಿದೆ. ಕೋಣೆಯಲ್ಲಿ ಅಕ್ಕ ಏನೇನು ಮಾಡಿದಳು, ಮೊದಲಿಂದ ಹೇಳಿ ಎಂದಳು. ನೆನಪಿದ್ದಷ್ಟನ್ನು ಹೇಳಿದೆ. ತಲೆ ವಾಲಿಸಿದ್ದು, ಹೂವು ಮುಟ್ಟಿಕೊಂಡದ್ದು. ಅವಳು ನಡುನಡುವೆ ಪ್ರಶ್ನೆ ಕೇಳಿದಳು. ಯಾವ ಕೈಯಲ್ಲಿ ಮುಟ್ಟಿದ್ಲು, ಬಳೆ ಹಾಕಿದ್ರಾ, ಅಮ್ಮ ಕುಂಕುಮ ಇಟ್ಟಿದ್ಲಾ. ಅರ್ಧದಷ್ಟನ್ನು ನಾನು ಗಮನಿಸಿಯೇ ಇರಲಿಲ್ಲ.

"ಯಾವ ಬಟ್ಟೆ ಹಾಕಿದ್ಲು, ಜ್ಞಾಪಕ ಇದ್ಯಾ?"

"ಹಸಿರು ಲಂಗ ಅನ್ಸತ್ತೆ," ಎಂದೆ.

"ಹಸಿರಲ್ಲ ಅಕ್ಕ, ಹಳದಿ. ನಾನೇ ಆರ್ಸಿ ತಂದಿದ್ದು." ಆಮೇಲೆ, "ಸರಿ, ಇಡ್ತೀನಿ," ಎಂದಳು. ಮತ್ತೆ ಅವಳು ಫೋನ್ ಮಾಡಲಿಲ್ಲ. ನಾನು ಕಳಿಸಿದ ಒಂದೆರಡು ಮೆಸೇಜುಗಳನ್ನು ಓದಿದ್ದಾಳೆ, ಉತ್ತರ ಬರೆದಿಲ್ಲ.

ಕೆಲಸ ಬಿಡುತ್ತೇನೆ ಎಂದು ಗಂಡನಿಗೆ ಹೇಳಿದೆ. ಬಿಡಲಿಲ್ಲ. ಮಗಳ ಶಾಲೆಯಿತ್ತು, ಒಪ್ಪಿಕೊಂಡ ಮದುವೆಗಳಿದ್ದವು. ಆದರೆ ಯಾರನ್ನಾದರೂ ಬಿಟ್ಟು ವಿಡಿಯೊ ತೆಗೆಯಿರಿ ಎಂದರೆ ಮದುಮಗಳನ್ನು ಒಮ್ಮೆ ಕೇಳದೆ ಒಪ್ಪಬಾರದು ಎಂದುಕೊಂಡೆ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಮುಂದಿನ ತಿಂಗಳು ಬಿ.ಟಿ.ಎಂ. ಲೇಔಟಿನ ಒಂದು ಮದುವೆಯಲ್ಲಿ ಹುಡುಗಿಯ ತಾಯಿ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಹುಡುಗಿಯ ಸೋದರತ್ತೆ ಗಂಡನನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಆಕೆ ಶಾಸ್ತ್ರಗಳಲ್ಲಿ ಕಾಣಬಾರದಂತೆ. ಹುಡುಗಿಯನ್ನು ಎತ್ತಿ ಬೆಳೆಸಿದವರು ಆಕೆಯೇ ಎಂದು ಹಿಂದಿನ ದಿನವಷ್ಟೇ ನನಗೆ ಗೊತ್ತಾಗಿತ್ತು. "ಒಂದ್ಸಲ ನಿಮ್ಮ ಮಗಳನ್ನ ಕೇಳಿ ಹೇಳ್ತೀನಮ್ಮ," ಎಂದೆ. ಅವರ ಮುಖ ಗಂಟಾಯಿತು.

ಮೇಕಪ್ ಕುರ್ಚಿಯಲ್ಲಿ ಕುಳಿತಿದ್ದ ಹುಡುಗಿಯ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದೆ. ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದರು, ಅಲ್ಲಾಡುವಂತಿರಲಿಲ್ಲ.

"ಅಮ್ಮ ಹೇಗ್ ಹೇಳಿದಾರೋ ಹಾಗೇ ಮಾಡಿ ಅಕ್ಕ," ಎಂದಳು.

ಹಾಗೆಯೇ ಮಾಡಿದೆ. ಸೋದರತ್ತೆ ಊಟದ ಮನೆಯ ಬಾಗಿಲಲ್ಲಿ ನಿಂತು ಅಕ್ಷತೆಯ ಕಾಳನ್ನು ಕೈಯಲ್ಲೇ ಹಿಡಿದುಕೊಂಡಿದ್ದರು, ಎಸೆಯಲಿಲ್ಲ. ಅದನ್ನು ದೂರದಿಂದ ಕ್ಯಾಮೆರಾದಲ್ಲಿ ಹಿಡಿದೆ. ಮನೆಯವರಿಗೆ ಕೊಟ್ಟ ವಿಡಿಯೊದಲ್ಲಿ ಅದಿಲ್ಲ. ನನ್ನ ಡಿಸ್ಕಿನಲ್ಲಿದೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.