ಕಾಲುಜ್ಜುವ ಕಲ್ಲಿಗೆ ರಜೆ

ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಕಾಲುಜ್ಜುವ ಕಲ್ಲೊಂದಿದೆ. ಅಂಗೈಯಲ್ಲಿ ಅಡಗುವಷ್ಟೇ ಗಾತ್ರ, ಮೈತುಂಬ ಸಣ್ಣ ಸಣ್ಣ ತೂತು, ಬಣ್ಣವೋ ಒಲೆಯ ಬೂದಿಯದು. ರಾಮನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳ ಉಗುರು, ಹಲ್ಲು, ಕಿವಿಗಳ ತಪಾಸಣೆ ಮಾಡಿಯೇ ನಿವೃತ್ತಳಾದ ನನಗೆ ಈ ಕಲ್ಲಿನ ಮೇಲಿರುವ ಭಕ್ತಿಯನ್ನು ಕಂಡು ನಮ್ಮ ಯಜಮಾನರು, ಇದಕ್ಕೂ ಒಂದು ಪೀಠ ಮಾಡಿಸೋಣವೇ ಎಂದು ಕೇಳಿದ್ದುಂಟು. ಅಂಥ ಕಲ್ಲಿಗೆ ಈ ಸೋಮವಾರದಿಂದ ರಜೆ. ಕಾರಣ ತಿಳಿಯಬೇಕಾದರೆ ನೀವು ನನ್ನೊಡನೆ ಒಂದು ವರ್ಷ ಹಿಂದಕ್ಕೆ, ರೇಷ್ಮೆಗೂಡು ಬೇಯುವ ವಾಸನೆಯ ಒಂದು ಬೀದಿಗೆ ಬರಬೇಕು.

ಪ್ರತಿ ಬುಧವಾರ ಮಧ್ಯಾಹ್ನ ನಮ್ಮ ಚರ್ಚಿನ ನರ್ಸ್ ಸಿಸ್ಟರ್ ಒಬ್ಬರ ಜೊತೆ ನಾನು ಫಿಲೇಚರ್‌ಗಳ ಬೀದಿಗೆ ಹೋಗುತ್ತೇನೆ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಆ ಶೆಡ್ಡುಗಳಲ್ಲಿ, ಕೈ ಬಿಸಿನೀರಿನಲ್ಲೂ ಕಾಲು ನೆಲದ ತಣ್ಣೀರಿನಲ್ಲೂ ನೆನೆಯುತ್ತ ದಿನವಿಡೀ ದುಡಿಯುವ ಹೆಂಗಸರ ಬೆರಳ ಸಂದಿಗಳಿಗೆ ಔಷಧ ಹಚ್ಚಿ, ಹುಣ್ಣಿಗೆ ಬಟ್ಟೆ ಕಟ್ಟಿ ಬರುವುದು ನಮ್ಮ ಸೇವೆ. ಸೇವೆ ಎನ್ನುವುದು ದೊಡ್ಡ ಮಾತಾಯಿತು. ಔಷಧ ಹಚ್ಚುವವರು ಸಿಸ್ಟರ್, ನಾನು ಮುಲಾಮಿನ ಮುಚ್ಚಳ ಹಿಡಿದು ಉಪದೇಶ ಮಾಡುವವಳು.

ಮರಿಯಮ್ಮ ಸಿಕ್ಕಿದ್ದು ಅಲ್ಲೇ. ಬೈರಾಪಟ್ಟಣದಿಂದ ಮದುವೆಯಾಗಿ ಬಂದು, ನೂಲು ತೆಗೆಯುತ್ತಲೇ ಅರವತ್ತು ಮುಟ್ಟಿದವಳು, ಬಾಯಿ ತೆರೆದರೆ ಶೆಡ್ಡಿಗೆ ಶೆಡ್ಡೇ ನಗುವಂಥ ಮಾತುಗಾರ್ತಿ. ನಮ್ಮ ಚರ್ಚಿಗೇ ಸೇರಿದವಳು. ಆದರೆ ಭಾನುವಾರ ಒಳಗೆ ಕಾಲಿಡದೆ ಜಗಲಿಯ ಮೇಲೆ ಚಪ್ಪಲಿಗಳ ಪಕ್ಕ ಕೂತೇ ಪೂಜೆ ಮುಗಿಸುತ್ತಿದ್ದಳು. "ಮೈಯಾಗೆ ಹುಳದ ವಾಸ್ನೆ ಐತೆ ಟೀಚ್ರಮ್ಮ, ನಾಕ್ ಸಲ ಸೋಪ್ ಹಾಕುದ್ರೂ ಹೋಗಕಿಲ್ಲ. ಒಳಗಿರೋರ್ಗೆ ಯಾಕ್ ತೊಂದ್ರೆ?" ಎನ್ನುತ್ತಿದ್ದಳು. ಆ ಒಳಗಿರುವವರಲ್ಲಿ ನಾನೂ ಒಬ್ಬಳು. ಬಹಳ ಹಿಂದೆ, ಇನ್ನೂ ಪರಿಚಯವಿಲ್ಲದ ಕಾಲದಲ್ಲಿ, ಒಮ್ಮೆ ಆಕೆ ಚರ್ಚಿನೊಳಗೆ ನನ್ನ ಪಕ್ಕ ಬಂದು ಕೂತಾಗ ನನ್ನ ಸೆರಗು ಮೂಗಿನವರೆಗೆ ಬಂದದ್ದು ನನಗೆ ನೆನಪಿದೆ. ಆಕೆಗೂ ನೆನಪಿರಬೇಕು, ಹೇಳಿಲ್ಲ ಅಷ್ಟೆ.

ಯೇಸುಸ್ವಾಮಿ ತಮ್ಮ ಶಿಷ್ಯರ ಪಾದ ತೊಳೆದ ನೆನಪಿಗಾಗಿ ಪವಿತ್ರ ಗುರುವಾರದ ಸಂಜೆ ಚರ್ಚಿನ ಗುರುಗಳು ಹನ್ನೆರಡು ಜನರ ಪಾದ ತೊಳೆಯುವುದು ನಮ್ಮಲ್ಲಿ ಪದ್ಧತಿ. ಆ ಹನ್ನೆರಡು ಕುರ್ಚಿಗಳು ಇಸ್ತ್ರಿ ಪಂಚೆಯ ಹಿರಿಯರಿಗೇ ಮೀಸಲಾಗಿದ್ದವು. ಕಳೆದ ವರ್ಷ ಹೊಸದಾಗಿ ಬಂದ ಗುರುಗಳು, ಈ ಸಲ ಫಿಲೇಚರ್ ಬೀದಿಯವರನ್ನು ಕೂರಿಸೋಣ, ನೀವೇ ಕರೆತನ್ನಿ ಎಂದು ನನಗೆ ಹೇಳಿದರು. ಮರಿಯಮ್ಮನನ್ನು ಒಳಗೆ ತರಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ, ನನ್ನ ಸೆರಗಿನ ತಪ್ಪೂ ಹಾಗೇ ತೊಳೆದುಹೋದೀತು ಎಂದು ನಾನು ಹಿಗ್ಗಿದೆ. ಮೂರು ಬುಧವಾರ ಬೇಡಿಕೊಂಡ ಮೇಲೆ ಆಕೆ ಒಪ್ಪಿದಳು.

ಇಲ್ಲಿ ನಿಮಗೊಂದು ಗುಟ್ಟು ಹೇಳಿಬಿಡುತ್ತೇನೆ. ಪಾದ ತೊಳೆಸಿಕೊಳ್ಳಲು ಹೋಗುವವರು ಯಾರೂ ಕೊಳೆ ಕಾಲಿನಲ್ಲಿ ಹೋಗುವುದಿಲ್ಲ. ಮನೆಯಲ್ಲಿ ಬ್ರಷ್ಷಿನಿಂದ ತಿಕ್ಕಿ, ಸೋಪು ಹಾಕಿ, ಕೆಲವರಂತೂ ಪೌಡರನ್ನೂ ಬಳಿದುಕೊಂಡು ಹೋಗುತ್ತಾರೆ. ಪಾಪ, ಗುರುಗಳು ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತಾರೆ. ನಾನೂ ಅದೇ ಜಾತಿಯವಳಲ್ಲವೇ, ಹೊಸ ಕಲ್ಲು ಒರಟೆಂದು ನನ್ನ ಕಲ್ಲನ್ನೇ ತೊಳೆದು ಮರಿಯಮ್ಮನ ಕೈಗಿಟ್ಟು, ಹಿಮ್ಮಡಿ ಚೆನ್ನಾಗಿ ಉಜ್ಜಿಕೊಂಡು ಬಾ ಎಂದೆ. ಆಕೆಯ ಮುಖ ಸಪ್ಪಗಾಯಿತು. ಕಂಡೂ ಕಾಣದವಳಂತೆ ನಾನು ಮುಂದಿನ ಶೆಡ್ಡಿಗೆ ನಡೆದೆ.

ಗುರುವಾರ ಸಂಜೆ ಹನ್ನೊಂದು ಕುರ್ಚಿ ತುಂಬಿದವು, ಹನ್ನೆರಡನೆಯದು ಖಾಲಿ. ಜಗಲಿಗೆ ಓಡಿದೆ. ಚಪ್ಪಲಿಗಳ ಪಕ್ಕ ಮರಿಯಮ್ಮ, ಎರಡೂ ಹಿಮ್ಮಡಿಗೆ ಹಳೆ ಸೀರೆಯ ತುಂಡು. "ನೀವೇಳ್ದಂಗೇ ಉಜ್ದೆ ಟೀಚ್ರಮ್ಮ. ಒಸಿ ಜಾಸ್ತೀನೇ ಉಜ್ಬುಟ್ಟೆ, ರಕ್ತ ಬಂದ್ಬುಡ್ತು. ಈ ಕಾಲ್ನ ಸ್ವಾಮ್ಗಳ ಮುಂದೆ ಎಂಗ್ ಇಡ್ಲಿ?" ನೀರಲ್ಲಿ ನೆನೆದು ಮೆತ್ತಗಾದ ಚರ್ಮ ಕಲ್ಲಿಗೆ ತಡೆಯುವುದಿಲ್ಲ ಎಂದು ಸಿಸ್ಟರ್ ಎಷ್ಟು ಬುಧವಾರ ಹೇಳಿದ್ದರೋ, ಮುಚ್ಚಳ ಹಿಡಿದವಳ ಕಿವಿಗೆ ಅದು ಬಿದ್ದಿರಲಿಲ್ಲ. ನನಗೆ ಅಳುವೇ ಬಂತು.

ಅಷ್ಟರಲ್ಲಿ ಗುರುಗಳು ಬೋಗುಣಿ ಹಿಡಿದು ಆಚೆ ಬಂದು, ಚಪ್ಪಲಿಗಳನ್ನು ಸರಿಸಿ ನೆಲದ ಮೇಲೆ ಕೂತು, ಆಕೆಯ ಹಿಮ್ಮಡಿಗೆ ಕಟ್ಟಿದ್ದ ಸೀರೆಯ ತುಂಡು ಬಿಚ್ಚತೊಡಗಿದರು. "ಒಳಗಿರುವವರೆಲ್ಲ ತೊಳೆದುಕೊಂಡೇ ಬಂದಿದ್ದಾರೆ. ನನಗೂ ಒಂದಿಷ್ಟು ಕೆಲಸ ಇಟ್ಟವರು ನೀವೊಬ್ಬರೇ ತಾಯಿ" ಎಂದರು. ಮರಿಯಮ್ಮನಿಗೆ ನಗು ಬಂತು. ನಗುತ್ತಲೇ ಬೋಗುಣಿಗೆ ಬೆರಳದ್ದಿ, "ತಣ್ಗೈತೆ ಸ್ವಾಮಿ, ಗಾಯಕ್ಕೆ ಬೆಚ್ಗಿರ್ಬೇಕು" ಎಂದಳು. ನಲವತ್ತು ವರ್ಷ ಬಿಸಿನೀರಿನ ಹದ ನೋಡಿದ ಬೆರಳು, ಅದರ ಮಾತಿಗೆ ಎದುರಾಡುವವರು ಯಾರು? ನಾನು ಪಕ್ಕದ ಗುರುಗಳ ಮನೆಯ ಅಡುಗೆಮನೆಗೆ ಓಡಿದೆ. ಎರಡು ಸಲ ನೀರು ತಂದರೂ ಒಪ್ಪಲಿಲ್ಲ, ಮೂರನೆಯ ಸಲ "ಈಗ್ ಸರ್ಯಾಯ್ತು" ಅಂದಳು. ಒಳಗಿದ್ದ ಹನ್ನೊಂದು ಜನ ಎದ್ದು ಬಂದು, ನಮಗೂ ಅದೇ ನೀರಾಗಲಿ ಎಂದು ಜಗಲಿಯಲ್ಲೇ ಸಾಲಾಗಿ ಕೂತುಬಿಟ್ಟರು.

ಬಳಿಕ ನನ್ನ ತೋಳು ಹಿಡಿದು ಕುಂಟುತ್ತ ಒಳಗೆ ಬಂದು ಆಕೆ ನನ್ನ ಪಕ್ಕದಲ್ಲೇ ಕೂತಳು. ಹುಳದ ವಾಸನೆ ಇತ್ತು, ಇರಲಿಲ್ಲವೆಂದರೆ ಸುಳ್ಳಾದೀತು. ನನ್ನ ಸೆರಗು ಮಾತ್ರ ತೊಡೆಯ ಮೇಲೇ ಇತ್ತು. ಬಡವರು ದೇವರ ಬಳಿಗೆ ಬರಲಿ ಎಂದು ಬಯಸುವ ನಮ್ಮಂಥವರು, ಅವರು ಮೊದಲು ನಮಗೆ ಒಪ್ಪುವಂತೆ ಬರಲಿ ಎಂದು ಬಯಸುತ್ತೇವಲ್ಲ, ದೇವರೇನು ನನ್ನ ಹಾಗೆ ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡುತ್ತ ನಿಂತಿರುತ್ತಾನೆಯೇ ಎಂದು ಆ ಸಂಜೆಯೆಲ್ಲ ಯೋಚಿಸಿದೆ. ಮರುವಾರ ಕಲ್ಲು ಕಾಗದದಲ್ಲಿ ಸುತ್ತಿಕೊಂಡು ನನಗೇ ವಾಪಸು ಬಂತು. ಮರಿಯಮ್ಮ ಅಂದಿನಿಂದ ಜಗಲಿಯಲ್ಲಿ ಕೂತಿಲ್ಲ.

ಈ ವರ್ಷ ಹನ್ನೆರಡು ಜನರನ್ನು ಆರಿಸುವ ಕೆಲಸವನ್ನು ಗುರುಗಳು ಆಕೆಗೇ ಕೊಟ್ಟರು. ಆಕೆ ಹೇಳಿದ ಮೊದಲ ಹೆಸರು ನನ್ನದು. ಜೊತೆಗೊಂದು ಅಪ್ಪಣೆ: "ಸೋಮ್ವಾರದಿಂದ ಕಲ್ ಮುಟ್ಬ್ಯಾಡಿ ಟೀಚ್ರಮ್ಮ. ಕಾಲು ಎಂಗೈತೋ ಅಂಗೇ ಬನ್ನಿ. ನೀರ್ ನಾನ್ ಕಾಯಿಸ್ತೀನಿ."

ಇವತ್ತು ಗುರುವಾರ. ಬಚ್ಚಲ ಕಲ್ಲು ಒಣಗಿ ಬೆಳ್ಳಗಾಗಿದೆ. ಹಿಮ್ಮಡಿಯ ಬಿರುಕಿನಲ್ಲಿ ಕೈತೋಟದ ಮಣ್ಣು ಕೂತಿದೆ. ಬೆಳಗ್ಗೆಯಿಂದ ಎರಡು ಸಲ ಕೈ ತಾನಾಗಿಯೇ ಕಲ್ಲಿನ ಕಡೆ ಹೋಗಿ ಹಿಂದಕ್ಕೆ ಬಂತು. ಈ ಕಾಲನ್ನು ಊರವರ ಮುಂದೆ ಹೇಗಪ್ಪಾ ಚಾಚುವುದೆಂದು ನಾಚಿಕೆಯಾಗುತ್ತದೆ. ಕಲ್ಲು ಕೈಗಿಟ್ಟ ದಿನ ಮರಿಯಮ್ಮನ ಮುಖ ಯಾಕೆ ಸಪ್ಪಗಾಯಿತೆಂದು ಈಗ ಗೊತ್ತಾಗುತ್ತಿದೆ. ಆದರೂ ಹೋಗುತ್ತೇನೆ. ನೀರಂತೂ ಬೆಚ್ಚಗಿರುತ್ತದೆ.