ನನ್ನ ಶಿಫಾರಸು ಪತ್ರ ನಾನೇ ಬರೆದದ್ದು

ಜೀವಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕಿದ್ದು ಅದು ಮೂರನೆಯ ಸಲ. ಮೊದಲ ವರ್ಷ ಸಂದರ್ಶನದಲ್ಲಿ ಬಾಯಿ ತೆರೆಯಲಿಲ್ಲ, ಎರಡನೆಯ ವರ್ಷ ಬಾಯಿ ನಿಲ್ಲಲಿಲ್ಲ. ಎರಡು ಸಲವೂ ಹೆಬ್ಬಾಳದ ಆಚೆಯ ಸಂಶೋಧನಾ ಸಂಸ್ಥೆಯಿಂದ ಒಂದೇ ಒಕ್ಕಣೆಯ ವಿಷಾದದ ಮೇಲ್ ಬಂತು. ಮೂರನೆಯ ಸಲದ ಹೊತ್ತಿಗೆ ಅಮ್ಮ ಬಿ.ಎಡ್. ಅರ್ಜಿ ತರಿಸಿ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಳು. ನಾವು ಶೆಟ್ಟಿಹಳ್ಳಿಯ ಹಳೆಯ ಒಕ್ಕಲು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಹೊಲ ಹೋದರೂ ಅಮ್ಮನ ಮಾತು ಮಾತ್ರ ಹಾಗೇ ಉಳಿದಿದೆ.

"ಇರುವೆ ನೋಡಕ್ಕೆ ಐದು ವರ್ಸ ಓದ್ಬೇಕಾ? ನಮ್ಮ ಸಕ್ಕರೆ ಡಬ್ಬದ ಮುಚ್ಚಳ ತೆಗಿ, ಅಲ್ಲೇ ಸಾಲಾಗಿ ಓಯ್ತಾ ಇರ್ತವೆ. ಈ ಸಲ ಆಗ್ಲಿಲ್ಲ ಅಂದ್ರೆ ಸುಮ್ನೆ ಬಿ.ಎಡ್. ಸೇರ್ಕೊ."

ಆಯ್ತು ಎಂದು ಒಪ್ಪಿದೆ. ಒಪ್ಪಿದ ಮೇಲೆ ಹೆದರಿಕೆ ಶುರುವಾಯಿತು. ಮಕ್ಕಳಿಗೆ ಪಾಠ ಹೇಳುವುದು ಕೆಟ್ಟ ಕೆಲಸವೇನಲ್ಲ. ಆದರೆ ನನಗೆ ಬೇಕಾಗಿದ್ದದ್ದು ಇರುವೆ. ದಿನವಿಡೀ ಇರುವೆಗಳನ್ನೇ ನೋಡುತ್ತಾ ಕೂತು, ಅದನ್ನೇ ನನ್ನ ಉದ್ಯೋಗ ಎಂದು ಜನರಿಗೆ ಹೇಳಬೇಕೆಂಬ ಆಸೆ.

ಈ ಸಲ ಅರ್ಜಿಯ ಜೊತೆಗೆ ಎರಡು ಶಿಫಾರಸು ಪತ್ರ ಬೇಕಿತ್ತು. ಒಂದು ಬೇಗನೆ ಸಿಕ್ಕಿತು. ಇನ್ನೊಂದಕ್ಕೆ ನನ್ನ ಎಂಎಸ್ಸಿ ಪ್ರಾಜೆಕ್ಟ್ ಮಾಡಿಸಿದ್ದ ಮೇಷ್ಟ್ರ ಹತ್ತಿರ ಹೋದೆ. ಅವರು ಧಾರವಾಡದ ಕಡೆಯವರು. ಯಲಹಂಕದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪ್ರಾಣಿಶಾಸ್ತ್ರ ಹೇಳಿಕೊಟ್ಟರೂ ಬೆಂಗಳೂರಿನ ಚಪಾತಿಯನ್ನು ಇವತ್ತಿಗೂ ಚಪಾತಿ ಎಂದು ಒಪ್ಪದವರು. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟಿನ ಹಿಂದಿನಿಂದಲೇ ಹೇಳಿದರು.

"ಬರೀತೇನವಾ, ಅದಕ್ಕೇನ. ನೀನ ಒಂದು ಡ್ರಾಫ್ಟ್ ಮಾಡಿ ಕಳಸು, ನಾ ನೋಡತೇನಿ."

ನಮ್ಮಲ್ಲಿ ಇದು ನಡೆದುಬಂದ ಪದ್ಧತಿ. ಮೇಷ್ಟ್ರುಗಳಿಗೆ ಪುರುಸೊತ್ತಿಲ್ಲ, ವಿದ್ಯಾರ್ಥಿಗಳಿಗೆ ಸೀಟು ಬೇಕು. ಆದ್ದರಿಂದ ವಿದ್ಯಾರ್ಥಿಯೇ ತನ್ನನ್ನು ಹೊಗಳಿ ಬರೆಯುವುದು, ಮೇಷ್ಟ್ರು ಸಹಿ ಹಾಕುವುದು. ನೋಡತೇನಿ ಅಂದರೆ ನೋಡದೆ ಕಳಿಸುತ್ತೇನೆ ಎಂದೇ ನಾವೆಲ್ಲ ತಿಳಿದಿದ್ದೆವು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಮೊದಲ ಸಾಲಿಗೆ ನಾಚಿಕೆಯಾಯಿತು. ಎರಡನೆಯದಕ್ಕೆ ಅಭ್ಯಾಸವಾಯಿತು. ಮೂರನೆಯ ಸಾಲಿನಿಂದ ರುಚಿ ಹತ್ತಿತು. ಸಮಯಪಾಲನೆಯಲ್ಲಿ ಇವಳಿಗೆ ಸಾಟಿಯಿಲ್ಲ ಎಂದು ಬರೆದೆ. ತಾಳ್ಮೆಯೇ ಇವಳ ಉಸಿರು ಎಂದು ಬರೆದೆ. ನನ್ನ ಸೇವಾವಧಿಯಲ್ಲಿ ಇಂಥ ವಿದ್ಯಾರ್ಥಿನಿಯನ್ನು ಕಂಡಿಲ್ಲ ಎಂದು ಬರೆದು, ಮೇಷ್ಟ್ರ ಸೇವೆ ಇನ್ನೂ ಮುಗಿದಿಲ್ಲವೆಂದು ನೆನಪಾಗಿ, ಮುಂದೆಯೂ ಕಾಣುವ ಭರವಸೆಯಿಲ್ಲ ಎಂದು ಸೇರಿಸಿದೆ. ಸರ್ಕಾರಿ ಸುತ್ತೋಲೆಯ ಧಾಟಿಯ ಅವರ ಇಂಗ್ಲಿಷನ್ನು ಎಷ್ಟು ಚೆನ್ನಾಗಿ ಅನುಕರಿಸಿದೆನೆಂದರೆ, ಓದುತ್ತಾ ನನಗೇ ಎದ್ದು ನಿಂತು ನಮಸ್ಕಾರ ಸರ್ ಎನ್ನುವ ಹಾಗಾಯಿತು.

ಕೊನೆಯಲ್ಲಿ ಅಭ್ಯರ್ಥಿಯ ದೌರ್ಬಲ್ಯದ ಬಗ್ಗೆಯೂ ಬರೆಯಬೇಕಿತ್ತು. ಬಹಳ ಯೋಚಿಸಿ, ಕೆಲಸದಲ್ಲಿ ಮುಳುಗಿದರೆ ಊಟ ಮಾಡುವುದನ್ನೇ ಮರೆತುಬಿಡುತ್ತಾಳೆ ಎಂದು ಬರೆದೆ. ಆಗ ನನ್ನ ಎಡಗೈಯಲ್ಲಿದ್ದದ್ದು ನಾಲ್ಕನೆಯ ನಿಪ್ಪಟ್ಟು. ಒಂದೂವರೆ ಪುಟ ಆಗಿತ್ತು. ಮೇಷ್ಟ್ರಿಗೆ ಕಳಿಸಿ, ನೆಮ್ಮದಿಯಾಗಿ ಮಲಗಿದೆ.

ಸಂದರ್ಶನಕ್ಕೆ ಕರೆ ಬಂತು. ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಆ ಮುಕ್ಕಾಲು ಗಂಟೆಯೂ ಇರುವೆಗಳ ಬಗ್ಗೆ ಓದಿಕೊಳ್ಳುವ ಬದಲು ಆ ಪತ್ರವನ್ನೇ ನೆನೆಸಿಕೊಂಡೆ. ಬರೆಯುವಾಗ ಸೊಗಸಾಗಿದ್ದ ಒಂದೊಂದು ಸಾಲೂ ಈಗ ಹಸಿ ಸುಳ್ಳಾಗಿ ಕಂಡಿತು.

ಮೇಜಿನ ಆಚೆ ಐವರು ವಿಜ್ಞಾನಿಗಳು. ಪ್ರಶ್ನೆಗಳಿಗೆ ನನ್ನ ಉತ್ತರ ಅರ್ಧ ಸರಿ, ಅರ್ಧ ಪರವಾಗಿಲ್ಲ. ಇಬ್ಬರು ಆಗಲೇ ಮುಂದಿನ ಅಭ್ಯರ್ಥಿಯ ಕಾಗದ ತಿರುವುತ್ತಿದ್ದರು. ಆಗ ಕೊನೆಯಲ್ಲಿ ಕೂತಿದ್ದ, ಬೆಳ್ಳಿ ಕೂದಲಿನ ಮೇಡಂ ಒಬ್ಬರು ಒಂದು ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ನಕ್ಕರು. ಅದುವರೆಗೆ ಇಂಗ್ಲಿಷಿನಲ್ಲಿದ್ದ ಮಾತು ಕನ್ನಡಕ್ಕೆ ಬಂತು.

"ನಿಮ್ಮ ಮೇಷ್ಟ್ರ ಪತ್ರ ವಿಚಿತ್ರವಾಗಿದೆ ಕಣ್ರೀ. ಇಂಥದ್ದನ್ನ ನಾನು ನೋಡೇ ಇಲ್ಲ."

ಸಿಕ್ಕಿಬಿದ್ದೆ ಎಂದುಕೊಂಡೆ. ಯಾರಾದರೂ ಕೇಳುವ ಮೊದಲೇ ಎಲ್ಲವನ್ನೂ ಒದರಿಬಿಡುವುದು ನನ್ನ ಹುಟ್ಟುಗುಣ.

"ಮೇಡಂ, ಅದು ನಾನೇ ಬರೆದಿದ್ದು," ಎಂದೆ. "ಸರ್ ಬರೆದಿದ್ದಲ್ಲ. ನನ್ನನ್ನ ನಾನೇ ಹೊಗಳ್ಕೊಂಡಿದ್ದೀನಿ. ಊಟ ಮರೀತೀನಿ ಅನ್ನೋದಂತೂ ಶುದ್ಧ ಸುಳ್ಳು. ನಾನು ಇದುವರೆಗೆ ಒಂದು ಹೊತ್ತಿನ ಊಟಾನೂ ಮರೆತಿಲ್ಲ."

ಕಾಗದ ತಿರುವುತ್ತಿದ್ದ ಇಬ್ಬರೂ ತಲೆ ಎತ್ತಿದರು. ಮೇಡಂ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಊಟನಾ? ಇದರಲ್ಲಿ ಊಟದ ವಿಷಯ ಎಲ್ಲೂ ಇಲ್ವಲ್ಲ," ಎಂದು ಹೇಳಿ, ಪತ್ರವನ್ನು ಗಟ್ಟಿಯಾಗಿ ಓದತೊಡಗಿದರು.

ಅದು ನನ್ನ ಪತ್ರವಾಗಿರಲಿಲ್ಲ. ಅರ್ಧ ಪುಟದಷ್ಟೂ ಇರಲಿಲ್ಲ. ಈ ಹುಡುಗಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಶುರುವಾಗುತ್ತಿತ್ತು. ಮುಂದಿನ ಸಾಲುಗಳು ಹೀಗಿದ್ದವು: ಇರುವೆ ಸಾಕುವ ಡಬ್ಬದ ಅಂಚಿಗೆ ಪೌಡರ್ ಸವರಿರಬೇಕು, ಇಲ್ಲದಿದ್ದರೆ ಅವು ಹತ್ತಿ ಹೊರಗೆ ಹೋಗುತ್ತವೆ. ಹಬ್ಬದ ರಜೆಗೆ ಹೋಗುವಾಗ ಇವಳು ಅದನ್ನು ಮರೆತಳು, ಒಂದು ಗೂಡಿನ ಇರುವೆಗಳೆಲ್ಲ ಓಡಿಹೋದವು. ಹೆದರಿ, ಮೂರು ದಿನದ ಎಣಿಕೆಯನ್ನು ನೋಟ್ ಪುಸ್ತಕದಲ್ಲಿ ಮನಸ್ಸಿಗೆ ಬಂದಂತೆ ತುಂಬಿದಳು. ಅದು ನನಗೆ ಗೊತ್ತಾಗಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕನೆಯ ದಿನ ತಾನಾಗಿಯೇ ಬಂದು ಹೇಳಿದಳು. ನಾನು ಬೈದೆ. ಮಾರನೆಯ ದಿನ ಹೊಸ ಗೂಡು ತಂದು ಮೊದಲಿನಿಂದ ಶುರು ಮಾಡಿದಳು. ಇಂಥವಳ ಎಣಿಕೆಯನ್ನು ನಾನು ನಂಬುತ್ತೇನೆ.

ಮೇಡಂ ಹಾಳೆಯನ್ನು ಕೆಳಗಿಟ್ಟರು. "ಇದನ್ನೂ ನೀವೇ ಬರೆದ್ರಾ?"

"ಇಲ್ಲ ಮೇಡಂ."

"ಇದು ನಿಜಾನಾ?"

"ನಿಜ ಮೇಡಂ."

"ಆ ಮೂರು ದಿನದ ಜಾಗದಲ್ಲಿ ಈಗ ಏನಿದೆ?"

"ಹೊಡೆದುಹಾಕಿದ್ದೀನಿ ಮೇಡಂ, ಖಾಲಿ ಇದೆ."

ಐವರೂ ಒಟ್ಟಿಗೆ ನಕ್ಕರು. ನನಗೆ ನಗು ಬರಲಿಲ್ಲ. ಸುಳ್ಳು ಎಣಿಕೆ ಬರೆದವಳೆಂದು ಗೊತ್ತಾದ ಮೇಲೆ ಯಾವ ಲ್ಯಾಬಿನವರು ತಾನೇ ಒಳಗೆ ಬಿಟ್ಟುಕೊಳ್ಳುತ್ತಾರೆ? ಹೊರಗೆ ಬಂದು, ಮನೆಗೆ ಹೋಗುವ ಬಸ್ಸು ಬಿಟ್ಟು ಯಲಹಂಕದ ಬಸ್ಸು ಹತ್ತಿದೆ. ಮೇಷ್ಟ್ರ ಮೇಲೆ ಅಷ್ಟು ಸಿಟ್ಟು ಬಂದಿತ್ತು.

ಅವರು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದರು. ಕೂತುಕೊಳ್ಳಲೂ ಇಲ್ಲ, ನಿಂತೇ ಕೇಳಿದೆ.

"ಸರ್, ನಾನು ಕಳಿಸಿದ ಪತ್ರ ಏನಾಯ್ತು?"

"ಓದಿದೆ. ಭಾಳ ಛಲೋ ಹುಡುಗಿ ಅಕಿ. ಆದ್ರ ನನಗ ಗುರ್ತಿಲ್ಲ. ಗುರ್ತಿಲ್ಲದವರಿಗೆ ನಾ ಹೆಂಗ ಶಿಫಾರಸು ಮಾಡ್ಲಿ?"

"ಹಂಗಾದ್ರೆ ನನ್ನ ಹತ್ರ ಯಾಕ್ ಸರ್ ಬರೆಸಿದ್ರಿ?"

"ಎಲ್ಲಾರ ಕಡೆನೂ ಬರಸ್ತೇನಿ. ನಿಮ್ಮ ಬಗ್ಗೆ ನೀವು ಏನ ತಿಳ್ಕೊಂಡೀರಿ ಅಂತ ನೋಡಬೇಕಲ್ಲ. ಓದೂದಕ್ಕೂ ಮಜಾ ಇರತದ."

"ಮಜಾ ಅಂತೆ! ನನ್ನ ಸೀಟು ಹೋಯ್ತು ಸರ್," ಎಂದು ಕಿರುಚಿಬಿಟ್ಟೆ. ಪಕ್ಕದ ಮೇಜಿನವರು ಎದ್ದು ಹೊರಗೆ ಹೋದರು. ಮೇಷ್ಟ್ರ ಮುಖ ಸಪ್ಪಗಾಯಿತು. ಲೋಟ ಕೆಳಗಿಟ್ಟು, "ಹೋಗಂಗಿಲ್ಲವಾ," ಎಂದರು. ಆ ಮಾತಿನಲ್ಲಿ ಅವರಿಗೇ ಧೈರ್ಯವಿದ್ದಂತೆ ಕಾಣಲಿಲ್ಲ. ನಾನು ಹೇಳದೆ ಕೇಳದೆ ಹೊರಟುಬಂದೆ.

ಆಮೇಲಿನ ಮೂರು ವಾರ ಬಿ.ಎಡ್. ಅರ್ಜಿಯನ್ನು ಶ್ರದ್ಧೆಯಿಂದ ತುಂಬಿದೆ. ಮಗಳಿಗೆ ಕೊನೆಗೂ ಬುದ್ಧಿ ಬಂತೆಂದು ಅಮ್ಮ ಎರಡು ಸಲ ಒಬ್ಬಟ್ಟು ಮಾಡಿದಳು. ನಾನು ಅಳುತ್ತಲೇ ತಿಂದೆ. ಅರ್ಜಿಗೆ ಫೋಟೋ ಅಂಟಿಸುತ್ತಿದ್ದ ದಿನ ಮೇಲ್ ಬಂತು. ಆಯ್ಕೆಯಾಗಿದ್ದೆ. ನಂಬಿಕೆ ಬಾರದೆ, ಹಿಂದಿನ ವರ್ಷಗಳ ವಿಷಾದದ ಮೇಲ್ ತೆಗೆದು ಪಕ್ಕದಲ್ಲಿಟ್ಟು ಓದಿದೆ. ಒಕ್ಕಣೆ ಬೇರೆಯೇ ಇತ್ತು.

ಬೆಳ್ಳಿ ಕೂದಲಿನ ಮೇಡಂ ಈಗ ನನ್ನ ಗೈಡ್. ಸೇರಿದ ಮೊದಲ ವಾರ ಧೈರ್ಯ ಮಾಡಿ ಕೇಳಿದೆ, ನನ್ನನ್ನು ಯಾಕೆ ತೆಗೆದುಕೊಂಡಿರಿ ಎಂದು.

"ನಿಮ್ಮ ಉತ್ತರ ನೋಡಿ ತಗೊಳ್ಳಲಿಲ್ಲ, ಅದು ಸಾಧಾರಣ," ಎಂದರು ಮುಲಾಜಿಲ್ಲದೆ. "ತಪ್ಪು ಮಾಡಿದ್ರೆ ಯಾರೂ ಕೇಳದೇನೆ ಬಂದು ಹೇಳ್ತಾಳೆ ಅಂತ ಪತ್ರದಲ್ಲಿತ್ತು. ಅದನ್ನ ನಂಬೋದೋ ಬಿಡೋದೋ ಅಂತ ಯೋಚಿಸ್ತಾ ಇದ್ದೆ. ಅಷ್ಟರಲ್ಲಿ ನೀವು ನಮ್ಮೆದುರಿಗೇ, ಯಾರೂ ಕೇಳದೇನೆ ಹೇಳಿಬಿಟ್ರಿ. ಅದೂ ನಾವು ನೋಡೇ ಇರದ ಪತ್ರದ ಬಗ್ಗೆ."

ಅವತ್ತು ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಕಿರುಚಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ. ಅವರು ಹಲೋ ಎನ್ನುವ ಮೊದಲೇ ಕೇಳಿಬಿಟ್ಟೆ. ಎರಡು ವರ್ಷ ಅವರ ಲ್ಯಾಬಿನಲ್ಲಿ ನಾನು ಇರುವೆಗಳನ್ನು ನೋಡುತ್ತಾ ಕೂತಿದ್ದಾಗ, ಅವರು ನನ್ನನ್ನು ನೋಡಿದ್ದರು. ನಾನು ಒಂದೂವರೆ ಪುಟ ತುಂಬ ನನ್ನನ್ನೇ ಹೊಗಳಿಕೊಂಡಿದ್ದೆನಲ್ಲ, ಅದರಲ್ಲಿ ಇದೊಂದು ಗುಣ ಬರೆಯಲು ನನಗೆ ಹೊಳೆದೇ ಇರಲಿಲ್ಲ.