ಈರಣ್ಣನ ಸುಳ್ಳು ಕಂಪ್ಯೂಟರ್

ಈರಣ್ಣನ ಕಂಪ್ಯೂಟರಿನಲ್ಲಿ ಯಾವ ಗುಂಡಿ ಒತ್ತಿದರೂ ಸರಿಯಾದದ್ದೇ ಬರುತ್ತಿತ್ತು. ಮೊಣಕೈ ತಾಗಿದರೂ ಸರಿಯೇ! ಸಿನಿಮಾ, ಧಾರಾವಾಹಿಗಳಲ್ಲಿ ಆಸ್ಪತ್ರೆ, ಬ್ಯಾಂಕು, ಪೊಲೀಸ್ ಠಾಣೆಯ ಪರದೆಗಳ ಮೇಲೆ ಓಡುವ ಅಂಕಿ, ಗೆರೆ, ಕೆಂಪು ದೀಪಗಳನ್ನು ಮಾಡಿಕೊಡುವುದು ಅವನ ಕಸುಬು. ಹೀಗೂ ಒಂದು ಕಸುಬು ಇದೆಯೆಂದು ನನಗೆ ಗೊತ್ತಾದದ್ದೇ ಐವತ್ತು ದಾಟಿದ ಮೇಲೆ.

"ನಟರು ಅಂಜಬಾರ್ದ್ರೀ ಅಕ್ಕಾರ. ಅಂಜಾಕ ಖರೇ ಕಂಪ್ಯೂಟರ್ ಅದಾವಲ್ಲ," ಎನ್ನುತ್ತಿದ್ದ.

ರಾಮದುರ್ಗದವನು. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದನಂತೆ. ಒಮ್ಮೆ ಆಸ್ಪತ್ರೆಯ ಪರದೆ ಬೇಕಾದಾಗ ಬೈಲಹೊಂಗಲದ ದವಾಖಾನೆಯಲ್ಲಿ ಇಡೀ ದಿನ ಕುಳಿತು, ನರ್ಸುಗಳು ಅದರಲ್ಲಿ ಏನು ನೋಡುತ್ತಾರೆಂದು ಬರೆದುಕೊಂಡು ಬಂದಿದ್ದ. "ಹತ್ತು ಅಂಕಿ ಇರತಾವ್ರೀ. ಅವ್ರು ನೋಡೂದು ಒಂದ."

ನಾನು ಸವದತ್ತಿಯವಳು, ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವಳು. ಕಂಪನಿ ಮುಚ್ಚಿದ ಮೇಲೆ ಧಾರಾವಾಹಿಗಳಲ್ಲಿ ಕೆಲಸದವಳ ಪಾತ್ರ ಬಿಟ್ಟರೆ ಬೇರೆ ಸಿಕ್ಕಿರಲಿಲ್ಲ. ಕಿತ್ತೂರಿನಲ್ಲಿ ಶೂಟಿಂಗ್ ಆದ ಒಂದು ಸಿನಿಮಾದಲ್ಲಿ ಮೊದಲ ಸಲ ಅಧಿಕಾರಿಯ ಪಾತ್ರ ಬಂತು. ಅಣೆಕಟ್ಟೆಯ ನೀರು ಏರುವುದನ್ನು ಪರದೆಯಲ್ಲಿ ಕಂಡು ಗೇಟು ತೆಗೆಸುವ ಎಂಜಿನಿಯರ್. ನನಗೆ ಸ್ವರ್ಗ ಮೂರೇ ಗೇಣು.

ಆದರೆ ಕಂಪನಿಯಲ್ಲಿ ಕಲಿತ ಮೊದಲ ಪಾಠ, ಸತ್ತರೂ ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು. ಪರದೆಯೋ ನನ್ನ ಹಿಂದಿನ ಗೋಡೆಯ ಮೇಲಿತ್ತು. ನೀರು ಏರಿತೆಂದು ಕೂಗುವ ಹೊತ್ತಿಗೆ ನನಗರಿವಿಲ್ಲದೆ ಕ್ಯಾಮೆರಾದ ಕಡೆ ತಿರುಗಿಬಿಡುತ್ತಿದ್ದೆ. ಏಳು ಸಲ!

"ಅಮ್ಮಾ, ನೀರಿರೋದು ಅಲ್ಲಿ, ಇಲ್ಲಲ್ಲ!" ಎಂದು ನಿರ್ದೇಶಕರು ರೇಗಿದರು. ಊಟದ ನಂತರವೂ ಆಗದಿದ್ದರೆ ಬೇರೆಯವರನ್ನು ಕರೆಸೋಣ ಎಂದು ಸಹಾಯಕನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ತಟ್ಟೆ ಪಕ್ಕಕ್ಕೆ ಸರಿಸಿದೆ.

ಈರಣ್ಣ ಬಂದು ಎದುರು ಕುಳಿತ. "ತಪ್ಪು ನಿಮ್ದಲ್ರೀ ಅಕ್ಕಾರ, ಪರದೇದು. ಅದು ನಿಂತ ಜಾಗಾನ ಸರಿ ಇಲ್ಲ."

"ಎರಡು ವಾರ ಕುಂತು ಮಾಡೀಯಲ್ಲೋ ಯಪ್ಪಾ ಅದನ್ನ!"

"ಮಾಡೇನಿ. ಈಗ ಬಿಡತೇನಿ."

ಅಷ್ಟೇ. ಗೋಡೆಯ ಪರದೆ ಕಿತ್ತುಹಾಕಿ, ದೊಡ್ಡದೊಂದು ಗಾಜು ತರಿಸಿ ನನಗೂ ಕ್ಯಾಮೆರಾಕ್ಕೂ ನಡುವೆ ನಿಲ್ಲಿಸಿದ. ಹಳೆಯ ಕುಂಚ ಹಿಡಿದು ಅದರ ಮೇಲೆ ಗೆರೆ, ಅಂಕಿ ಬರೆದ. ನೋಡುವವರಿಗೆ ನೇರ, ನನಗೆ ತಿರುವುಮುರುವು. ತೆಳು ನೀಲಿ ಹಾಳೆಯೊಂದನ್ನು ಗಾಜಿಗೆ ಒತ್ತಿ ಹಿಡಿದು, ತಾನು ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತ.

"ಅಂಕಿ ಓದಬ್ಯಾಡ್ರಿ. ಜನಾನೂ ಈ ಕಡೇನ, ನೀರೂ ಈ ಕಡೇನ. ಬರಾಕ ಹತ್ತೇತಿ ನೋಡ್ರಿ."

ಅವನು ಹಾಳೆಯನ್ನು ಮೇಲೆ ಸರಿಸಿದಂತೆ ನೀಲಿ ಇಂಚಿಂಚಾಗಿ ಏರಿತು. ನನ್ನ ಕುತ್ತಿಗೆಯ ಮಟ್ಟಕ್ಕೆ ಬಂದಾಗ ಮಲಪ್ರಭಾ ಹೊಳೆಯೇ ಒಳನುಗ್ಗಿದಂತಾಗಿ ಚೀರಿಬಿಟ್ಟೆ. ಒಂದೇ ಸಲಕ್ಕೆ ಮುಗಿಯಿತು. ಕ್ಯಾಮೆರಾ ಗಾಜು ದಾಟಿ ನನ್ನ ಮುಖವನ್ನೇ ಹಿಡಿದಿತ್ತು. ಅಬ್ಬಾ, ಎಂಥ ಮನುಷ್ಯ! ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಅವನು ಮಾತ್ರ ಜೋಮು ಹಿಡಿದ ಕಾಲು ತಿಕ್ಕಿಕೊಳ್ಳುತ್ತಿದ್ದ. ಆಮೇಲೆ ನನಗೆ ಕೆಲಸದವಳ ಪಾತ್ರ ಬರಲಿಲ್ಲ.

ಹೋದ ವರ್ಷ ಈರಣ್ಣ ಎದೆನೋವಿನಿಂದ ತೀರಿಕೊಂಡ. ಮನೆಯವರನ್ನು ಮಾತಾಡಿಸಲು ರಾಮದುರ್ಗಕ್ಕೆ ಹೋದೆ. ಅವನ ಹೆಂಡತಿ ಕಸ್ತೂರಿ ನನ್ನನ್ನು ಗುರುತಿಸಿದಳು.

"ಆ ಸಿನೇಮಾಕ್ಕ ಓಣಿ ಮಂದೀನೆಲ್ಲಾ ಕರಕೊಂಡು ಹೋಗಿದ್ರರೀ. ಇವರು ಬರದದ್ದು ಏನೂ ಕಾಣ್ಲಿಲ್ಲ, ಬರೇ ಮಸಕ ಮಸಕ. ನನಗ ಸಿಟ್ಟು ಬಂತು. ಇವರು ನೋಡಿದ್ರ, 'ಗಾಜು ಬಿಡ್ರೋ, ಅಕ್ಕಾರ ಮಾರಿ ನೋಡ್ರಿ' ಅಂತ ಎಲ್ಲಾರಿಗೂ ಹೇಳಾಕ ಹತ್ತಿದ್ರು. ಎರಡು ವಾರ ಊಟಾ ನಿದ್ದಿ ಬಿಟ್ಟು ಮಾಡಿದ್ದು ಎಲ್ಲಿ ಹೋತ್ರೀ?"

ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಆ ಪರದೆಯನ್ನು ನನಗಾಗಿ ಕಿತ್ತುಹಾಕಿದ ಎಂದು ನಾನು ಹೇಳಿದೆ. ಕಸ್ತೂರಿ ನನ್ನ ಮುಖವನ್ನೇ ನೋಡುತ್ತ ಕುಳಿತಳು.